ಕೌಜಲಗಿಯ ಹಗಲಿನ ಲೆಕ್ಕ

ಒಂದು ಊರಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳಿದರೆ ರಾತ್ರಿ ಸಿಗುವ ಉತ್ತರ ಒಂದು, ಹಗಲು ಸಿಗುವ ಉತ್ತರ ಇನ್ನೊಂದು. ಜನಗಣತಿ ಬರೆದುಕೊಳ್ಳುವುದು ರಾತ್ರಿಯದನ್ನು. ಯಾರು ಯಾವ ಮನೆಯವರು, ಎಲ್ಲಿ ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ ಎಂಬುದನ್ನು. ಬಸ್ಸಿಗೆ ಬೇಕಾದದ್ದು ಹಗಲಿನದು. ಬೆಳಿಗ್ಗೆ ಎಂಟಕ್ಕೆ ಯಾರು ಎಲ್ಲಿಂದ ಹೊರಟರು, ಹತ್ತು ಗಂಟೆಗೆ ಎಲ್ಲಿ ಇರಬೇಕಿತ್ತು, ಸಂಜೆ ಕತ್ತಲಾಗುವ ಮುಂಚೆ ಹೇಗೆ ಮರಳಬೇಕು. ಈ ಎರಡನೇ ಲೆಕ್ಕವನ್ನು ನಮ್ಮ ನಾಡಿನಲ್ಲಿ ಯಾರೂ ಸರಿಯಾಗಿ ಇಟ್ಟಿಲ್ಲ. ಆದರೆ ರಸ್ತೆ, ಅನುದಾನ, ಪಂಚಾಯ್ತಿಯ ಸದಸ್ಯರ ಸಂಖ್ಯೆ ಎಲ್ಲವೂ ಮೊದಲನೇ ಲೆಕ್ಕದ ಮೇಲೆಯೇ ನಿಂತಿವೆ. ಕೌಜಲಗಿಯಂಥ ಊರನ್ನು ನೋಡಿದಾಗ ಈ ಅಂತರ ಎದ್ದು ಕಾಣುತ್ತದೆ.

ಗೋಕಾಕದಿಂದ ಪೂರ್ವಕ್ಕೆ, ಎರೆ ಹೊಲಗಳ ನಡುವೆ ಇರುವ ದೊಡ್ಡ ಊರು ಕೌಜಲಗಿ. ಹೋಬಳಿ ಕೇಂದ್ರ. 2011ರ ಜನಗಣತಿಯಲ್ಲಿ ಗೋಕಾಕ ತಾಲ್ಲೂಕಿನ ಒಂದು ಗ್ರಾಮವೆಂದೇ ದಾಖಲಾಗಿದೆ. ಒಂದು ಬದಿಗೆ ಕವಿ ಆನಂದಕಂದರ ಹುಟ್ಟೂರು ಬೆಟಗೇರಿ, ಇನ್ನೊಂದು ಬದಿಗೆ ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಹೆಸರಾದ ಕುಲಗೋಡ ತಮ್ಮಣ್ಣನ ಕುಲಗೋಡ, ಅದರಾಚೆ ಯಾದವಾಡ, ದಕ್ಷಿಣಕ್ಕೆ ಹೋದರೆ ಯರಗಟ್ಟಿ, ಅಲ್ಲಿಂದ ಮುಂದೆ ಎಲ್ಲವ್ವನ ಗುಡ್ಡದ ದಾರಿ. ಆ ಆಟವನ್ನು ಊರೂರಿಗೆ ಒಯ್ದ ಕೌಜಲಗಿ ನಿಂಗಮ್ಮನ ಹೆಸರಿನಿಂದಾಗಿ, ಈ ಊರನ್ನು ಕಣ್ಣಾರೆ ನೋಡದವರೂ ಹೆಸರು ಕೇಳಿರುತ್ತಾರೆ. ಬಸ್ಸುಗಳು ಹಳ್ಳಿಯ ದಾರಿ ಹಿಡಿಯುವ ಮುನ್ನವೇ ಆಟದ ಮೇಳಗಳು ಈ ಸೀಮೆಯ ಊರುಗಳನ್ನು ಒಂದಕ್ಕೊಂದು ಜೋಡಿಸಿದ್ದವು. ಬಂಡಿಯಲ್ಲಿ ವೇಷದ ಪೆಟ್ಟಿಗೆ ಹೇರಿಕೊಂಡು ಹೊರಟ ಮೇಳಕ್ಕೆ ತಾಲ್ಲೂಕು ಕೇಂದ್ರದ ಗೊಡವೆ ಇರಲಿಲ್ಲ. ಒಂದು ಹಳ್ಳಿಯಿಂದ ಮಗ್ಗುಲ ಹಳ್ಳಿಗೆ, ಅಲ್ಲಿಂದ ಮುಂದಿನದಕ್ಕೆ ಅದು ನೇರವಾಗಿ ಹೋಗುತ್ತಿತ್ತು. ಬಸ್ಸಿನ ಕಾಲ ಬಂದ ಮೇಲೆ ಆ ನೇರ ದಾರಿಗಳು ಹಿಂದೆ ಬಿದ್ದವು. ಎಲ್ಲ ದಾರಿಗಳೂ ಗೋಕಾಕದ ಕಡೆ ಮುಖ ಮಾಡಿದವು.

ಕೌಜಲಗಿ ಗ್ರಾಮವೋ ಪಟ್ಟಣವೋ? ಜನಗಣತಿ ಒಂದು ಊರನ್ನು ಪಟ್ಟಣವೆಂದು ಒಪ್ಪಬೇಕಾದರೆ ಮೂರು ಷರತ್ತುಗಳಿವೆ. ಕನಿಷ್ಠ 5,000 ಜನ ಇರಬೇಕು, ದುಡಿಯುವ ಗಂಡಸರಲ್ಲಿ ಕನಿಷ್ಠ 75 ಪ್ರತಿಶತ ಬೇಸಾಯದ ಹೊರಗಿನ ಕೆಲಸದಲ್ಲಿರಬೇಕು, ಚದರ ಕಿಲೊಮೀಟರಿಗೆ ಕನಿಷ್ಠ 400 ಜನ ಇರಬೇಕು. ಪಟ್ಟಣ ಪಂಚಾಯ್ತಿ ಮಾಡುವಾಗ ರಾಜ್ಯದ ಪೌರಸಭೆಗಳ ಕಾಯ್ದೆಯ ಅಳತೆ ಬೇರೆ: 10,000ದಿಂದ 20,000 ಜನ, ಅದೇ 400ರ ಸಾಂದ್ರತೆ, ಬೇಸಾಯೇತರ ಉದ್ಯೋಗ ಅರ್ಧಕ್ಕೆ ಕಡಿಮೆ ಇಲ್ಲದಂತೆ. ಇಡೀ ಬೆಳಗಾವಿ ಜಿಲ್ಲೆಯ ಸರಾಸರಿ ಸಾಂದ್ರತೆಯೇ 2011ರಲ್ಲಿ 356. ಜಿಲ್ಲೆಯ 47,79,661 ಜನರಲ್ಲಿ ಸುಮಾರು ಮುಕ್ಕಾಲು ಪಾಲು ಹಳ್ಳಿಗಳಲ್ಲೇ ಇದ್ದರು. ಕಬ್ಬು, ಗೋವಿನಜೋಳ, ಕಡಲೆ ಬೆಳೆಯುವ ದೊಡ್ಡ ಊರಿನಲ್ಲಿ ಎಷ್ಟೇ ಅಂಗಡಿ ಸಾಲು ಬೆಳೆದರೂ ಹೊಲದ ದುಡಿಮೆ ಕಡಿಮೆಯಾಗದ ತನಕ ಅದು ಕಾಗದದ ಮೇಲೆ ಹಳ್ಳಿಯಾಗಿಯೇ ಉಳಿಯುತ್ತದೆ. ಬಸ್ಸಿನ ಅಗತ್ಯವಂತೂ ಆ ಕಾಗದವನ್ನು ಕೇಳಿಕೊಂಡು ಹುಟ್ಟುವುದಿಲ್ಲ. ಹೋಬಳಿ ಎಂದ ಮೇಲೆ ಅಲ್ಲಿ ನಾಡಕಚೇರಿ ಇರುತ್ತದೆ, ರೈತ ಸಂಪರ್ಕ ಕೇಂದ್ರ ಇರುತ್ತದೆ. ಜಾತಿ-ಆದಾಯ ಪ್ರಮಾಣಪತ್ರಕ್ಕೆ, ಬಿತ್ತನೆ ಬೀಜಕ್ಕೆ, ಪಿಂಚಣಿಯ ಅರ್ಜಿಗೆ, ಬ್ಯಾಂಕಿಗೆ, ಶಾಲೆಗೆ, ಸಂತೆಗೆ ಸುತ್ತಲಿನ ಹಳ್ಳಿಗಳು ಬಂದು ಸೇರುವುದು ಇಲ್ಲಿಗೆ. ಹಗಲು ಹನ್ನೆರಡು ಗಂಟೆಗೆ ಕೌಜಲಗಿಯಲ್ಲಿರುವ ಜನ, ಜನಗಣತಿಯ ಪುಸ್ತಕದಲ್ಲಿರುವ ಜನ ಅಲ್ಲವೇ ಅಲ್ಲ. ಊರಿನವರಲ್ಲಿ ಒಂದು ಪಾಲು ಗೋಕಾಕಕ್ಕೆ ಹೋಗಿರುತ್ತದೆ, ಸುತ್ತಲಿನ ಊರುಗಳ ಒಂದು ಪಾಲು ಇಲ್ಲಿಗೆ ಬಂದಿರುತ್ತದೆ.

ಜನಗಣತಿ ಇಲಾಖೆ ಪ್ರತಿ ಹಳ್ಳಿಗೂ ಒಂದು ಸೌಲಭ್ಯ ಪಟ್ಟಿಯನ್ನು ಪ್ರಕಟಿಸುತ್ತದೆ. ಶಾಲೆ, ಆಸ್ಪತ್ರೆ, ಅಂಚೆ ಕಚೇರಿ, ಬಸ್ಸು, ರೈಲು ನಿಲ್ದಾಣ ಹೀಗೆ ಕಾಲಂಗಳು ಸಾಗುತ್ತವೆ. ಊರಿನಲ್ಲೇ ಇದ್ದರೆ ‘ಇದೆ’ ಎಂದು. ಇಲ್ಲದಿದ್ದರೆ ಐದು ಕಿ.ಮೀ. ಒಳಗೋ, ಐದರಿಂದ ಹತ್ತರೊಳಗೋ, ಹತ್ತಕ್ಕಿಂತ ದೂರವೋ ಎಂಬ ಗುರುತು. ಈ ಪಟ್ಟಿ ಬಹಳ ಉಪಯುಕ್ತ, ಅನುಮಾನವಿಲ್ಲ. ಆದರೆ ಬಸ್ಸಿನ ಕಾಲಮ್ಮಿನಲ್ಲಿ ದಿನಕ್ಕೊಂದು ಸಲ ಬಂದು ಹೋಗುವ ಬಸ್ಸೂ ‘ಇದೆ’, ಅರ್ಧ ಗಂಟೆಗೊಂದು ಬರುವ ಬಸ್ಸೂ ‘ಇದೆ’. ಮೊದಲ ಬಸ್ಸು ಎಷ್ಟು ಗಂಟೆಗೆ, ಕೊನೆಯದು ಎಷ್ಟಕ್ಕೆ, ಅದರಲ್ಲಿ ಹತ್ತಲು ಜಾಗ ಸಿಕ್ಕೀತೇ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಹೀಗಾಗಿ ಸಾರಿಗೆಯ ವಿಷಯದಲ್ಲಿ ನಮ್ಮ ಹಳ್ಳಿಗಳು ಕಾಗದದಲ್ಲಿ ಬಹುಪಾಲು ಸುಖವಾಗಿವೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. 2011ರಲ್ಲಿ ಜನಗಣತಿಯವರು ಮನೆಯಿಂದ ಕೆಲಸದ ಜಾಗಕ್ಕೆ ಎಷ್ಟು ದೂರ, ಹೇಗೆ ಹೋಗುತ್ತೀರಿ, ನಡೆದೋ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಎಂದು ಕೇಳಿದ್ದರು. ಆ ಪ್ರಶ್ನೆ ಇದ್ದದ್ದು ‘ಇತರ ಕೆಲಸಗಾರರು’ ಎಂಬ ಗುಂಪಿಗೆ ಮಾತ್ರ. ಸ್ವಂತ ಹೊಲದ ರೈತ, ಕೂಲಿಗೆ ಹೋಗುವ ಹೆಣ್ಣುಮಗಳು, ಮನೆಯಲ್ಲೇ ಕಸುಬು ಮಾಡುವವರು ಆ ಲೆಕ್ಕದ ಹೊರಗೆ. ಹೊಲ ಮನೆಯ ಹತ್ತಿರವೇ ಇರುತ್ತದೆ ಎಂಬ ಎಣಿಕೆ ಅದರ ಹಿಂದೆ ಇದ್ದಿರಬಹುದು. ಗೋಕಾಕ ಸೀಮೆಯಲ್ಲಿ ಕಳೆ ತೆಗೆಯುವ ಕೆಲಸಕ್ಕೆ ಹೆಂಗಸರ ಗುಂಪು ಟಂಟಂ ಆಟೊ ಏರಿ ಮೂರು ಊರು ದಾಟಿ ಹೋಗುತ್ತದೆ. ಬುತ್ತಿಗಂಟು ಮಡಿಲಲ್ಲಿ, ಕುರ್ಪಿ ಕಾಲಬುಡದಲ್ಲಿ. ಆ ಪ್ರಯಾಣ ದೇಶದ ಯಾವ ಕೋಷ್ಟಕದಲ್ಲೂ ಇಲ್ಲ.

ಹಳ್ಳಿಗೆ ರಸ್ತೆ ಬರುವುದೂ ಜನಸಂಖ್ಯೆಯ ಮೇಲೆಯೇ. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂಲ ನಿಯಮ ಸರಳ. ಬಯಲು ಸೀಮೆಯಲ್ಲಿ 500 ಜನರಿರುವ ವಸತಿಗೆ ಎಲ್ಲ ಕಾಲಕ್ಕೂ ಓಡಾಡಬಲ್ಲ ಒಂದು ರಸ್ತೆ. ಈ ನಿಯಮದಿಂದ ದೇಶದ ಲಕ್ಷಾಂತರ ಊರುಗಳಿಗೆ ಡಾಂಬರು ಬಂತು. ಅದನ್ನು ಹಗುರಾಗಿ ಕಾಣಬಾರದು. 2024ರಲ್ಲಿ ಒಪ್ಪಿಗೆ ಪಡೆದ ಯೋಜನೆಯ ನಾಲ್ಕನೇ ಹಂತ ಇನ್ನೂ 25,000 ವಸತಿಗಳನ್ನು ಜೋಡಿಸಲು ಹೊರಟಿದೆ. ಅದೂ 500ರ ಮಿತಿಯನ್ನೇ ಇಟ್ಟುಕೊಂಡಿದೆ, ಅದೂ 2011ರ ಜನಸಂಖ್ಯೆಯನ್ನೇ ನೆಚ್ಚಿಕೊಂಡಿದೆ. ಬೇರೆ ಲೆಕ್ಕ ಕೈಯಲ್ಲಿ ಇಲ್ಲವಲ್ಲ! 2021ರಲ್ಲಿ ಆಗಬೇಕಿದ್ದ ಜನಗಣತಿ ಕೊರೋನಾದಿಂದ ಮುಂದಕ್ಕೆ ಹೋಗಿ, ಈಗ 2027ರ ಮಾರ್ಚ್ 1ನ್ನು ಆಧಾರದ ದಿನವಾಗಿ ಇಟ್ಟುಕೊಂಡು ನಡೆಯಬೇಕಾಗಿದೆ.

500ರ ಮಿತಿ ಗೋಕಾಕ, ಮೂಡಲಗಿ, ರಾಯಬಾಗ, ಚಿಕ್ಕೋಡಿ ಸೀಮೆಯಲ್ಲಿ ಒಂದು ವಿಚಿತ್ರ ತೊಡಕಿಗೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಜನ ಊರಿನಲ್ಲಿ ಇಲ್ಲ, ತೋಟದಲ್ಲಿದ್ದಾರೆ. ನೀರಾವರಿ ಬಂದಂತೆ ಕುಟುಂಬಗಳು ಒಂದೊಂದಾಗಿ ಊರ ಮನೆ ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡವು. ದನ ಅಲ್ಲಿ, ಬೋರು ಅಲ್ಲಿ, ರಾತ್ರಿ ಪಾಳಿಯ ಕರೆಂಟಿಗೆ ಎದ್ದು ಮೋಟಾರು ಚಾಲೂ ಮಾಡುವುದು ಅಲ್ಲಿ. ತೋಟಪಟ್ಟಿಯ ಮಕ್ಕಳಿಗೆಂದು ಸರ್ಕಾರ ಶಾಲೆಗಳನ್ನೇ ತೆರೆದಿದೆ. ಈ ಭಾಗದ ಶಾಲೆಗಳ ಪಟ್ಟಿ ತೆಗೆದು ನೋಡಿದರೆ ಮನೆತನದ ಹೆಸರಿನ ಮುಂದೆ ‘ತೋಟ’ ಎಂದು ಸೇರಿಸಿದ ಶಾಲೆಗಳು ಸಾಲುಸಾಲು ಸಿಗುತ್ತವೆ. ಕಂದಾಯ ದಾಖಲೆಯಲ್ಲಿ ಈ ತೋಟದ ಮನೆಗಳೆಲ್ಲ ಮೂಲ ಊರಿಗೇ ಸೇರಿದವು. ಹೀಗಾಗಿ ಊರಿನ ಜನಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಊರಿಗೆ ರಸ್ತೆ ಇದೆ, ಬಸ್ಸೂ ಇದೆ. ಮನೆ ಮಾತ್ರ ಬಸ್‌ ಸ್ಟ್ಯಾಂಡಿನಿಂದ ಎರಡು ಮೂರು ಕಿಲೊಮೀಟರು ಆಚೆ. ಹತ್ತು ಮನೆ ಇಲ್ಲಿ, ಆರು ಮನೆ ಅಲ್ಲಿ ಎಂದು ಚದುರಿದ ತೋಟಪಟ್ಟಿ ತಾನೊಂದೇ ಎಂದೂ 500 ಮುಟ್ಟುವುದಿಲ್ಲ.

ಆ ಎರಡು ಮೂರು ಕಿಲೊಮೀಟರು ಬೇಸಿಗೆಯಲ್ಲಿ ಏನೂ ಅಲ್ಲ. ಮಳೆಗಾಲದಲ್ಲಿ ನೋಡಬೇಕು. ಎರೆ ಮಣ್ಣು ಎರಡು ಹನಿ ನೀರು ಕುಡಿದರೆ ಸಾಕು, ಅಂಟಾಗುತ್ತದೆ. ಬೈಕಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ಮೆತ್ತಿ ಮೆತ್ತಿ ಕೊನೆಗೆ ಚಕ್ರವೇ ತಿರುಗುವುದಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವನು ನೂರು ಹೆಜ್ಜೆಗೊಮ್ಮೆ ಇಳಿದು, ಬೇಲಿಯ ಕಟ್ಟಿಗೆ ಮುರಿದು, ಆ ಮಣ್ಣನ್ನು ಕೆದರಿ ತೆಗೆದು ಮತ್ತೆ ಹತ್ತುತ್ತಾನೆ. ಮಡ್‌ಗಾರ್ಡನ್ನೇ ಬಿಚ್ಚಿಟ್ಟು ಮಳೆಗಾಲ ಕಳೆಯುವವರೂ ಇದ್ದಾರೆ. ಶಾಲೆಗೆ ಹೋಗುವ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ಡಾಂಬರಿನ ತನಕ ಬರಿಗಾಲಲ್ಲಿ ಬಂದು, ಅಲ್ಲಿ ಪೈಪಿನ ನೀರಿಗೆ ಕಾಲು ತೊಳೆದು ಚಪ್ಪಲಿ ಮೆಟ್ಟಿಕೊಳ್ಳುತ್ತಾಳೆ. ಬಸುರಿಗೆ ನೋವು ಶುರುವಾದರೆ 108ಕ್ಕೆ ಫೋನು ಹೋಗುತ್ತದೆ. 2008ರ ನವೆಂಬರ್ 1ರಿಂದ ಓಡುತ್ತಿರುವ ಆ ವಾಹನ ಎಷ್ಟೋ ಜೀವ ಉಳಿಸಿದೆ. ಆದರೆ ಅದು ಬಂದು ನಿಲ್ಲುವುದು ಡಾಂಬರಿನ ಮೇಲೆ. ತೋಟದಿಂದ ಅಲ್ಲಿಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಾಸಿಗೆ ಹಾಕಿಯೇ ಕರೆತರಬೇಕು. ‘ನಮ್ಮ ಹೊಲ ನಮ್ಮ ದಾರಿ’ ಯೋಜನೆಯಲ್ಲಿ ಉದ್ಯೋಗ ಖಾತ್ರಿಯ ಕೂಲಿಯಿಂದ ಹೊಲದ ದಾರಿಗೆ ಗರಸು ಹಾಕುವ ಅವಕಾಶ ಬಂದದ್ದು ನಿಜಕ್ಕೂ ಒಳ್ಳೆಯ ಕೆಲಸ. ಅಡ್ಡಿ ಬರುವುದು ಬೇರೆ ಕಡೆ. ನಕಾಶೆಯಲ್ಲಿ ಬಂಡಿದಾರಿ ಇದ್ದರೆ ಸರಿ, ಇಲ್ಲದಿದ್ದರೆ ಯಾರ ಹೊಲದ ಬದುವಿನ ಮೇಲೆ ದಾರಿ ಹಾಯಬೇಕು ಎಂಬ ತಂಟೆ ಎರಡು ತಲೆಮಾರು ನಡೆಯುತ್ತದೆ.

ಇಲ್ಲಿಗೆ ರೈಲು ಏಕೆ ಇಲ್ಲ ಎಂಬುದನ್ನೂ ಹೇಳಬೇಕು. ಉತ್ತರ ಕರ್ನಾಟಕದ ಎರಡು ಹಳೆಯ ಹಳಿಗಳು 1880ರ ದಶಕದವು. ಸದರ್ನ್ ಮರಾಠಾ ರೈಲ್ವೆಯವರು ಹಾಕಿದ್ದು. ಪೂರ್ವಕ್ಕೆ ಹೋಟಗಿಯಿಂದ ವಿಜಯಪುರ, ಬಾಗಲಕೋಟೆಗಳ ಮೂಲಕ ಗದುಗಿಗೆ ಒಂದು, ಪಶ್ಚಿಮಕ್ಕೆ ಲೋಂಡಾದಿಂದ ಬೆಳಗಾವಿಯ ಮೂಲಕ ಮೀರಜಿಗೆ ಇನ್ನೊಂದು. ಇವೆರಡರ ನಡುವೆ ಉಳಿದ ದೊಡ್ಡ ಪಟ್ಟಿಯಲ್ಲಿ ಗೋಕಾಕದ ಪೂರ್ವ ಭಾಗ, ಮೂಡಲಗಿ, ರಾಮದುರ್ಗ, ಸವದತ್ತಿ, ಮುಧೋಳ, ಜಮಖಂಡಿ ಎಲ್ಲವೂ ಬಿದ್ದುಹೋದವು. ಗೋಕಾಕ ಪಟ್ಟಣಕ್ಕೇ ರೈಲಿಲ್ಲ. ಗೋಕಾಕ ರೋಡ್ ನಿಲ್ದಾಣ ಊರಿನಿಂದ ದೂರ, ಘಟಪ್ರಭಾ ನಿಲ್ದಾಣ ಹೊಳೆಯ ಆಚೆ. ಬಾಗಲಕೋಟೆ–ಕುಡಚಿ ಮಾರ್ಗ ಈ ಎರಡು ಹಳಿಗಳನ್ನು ಬೆಸೆಯಬೇಕಾದದ್ದು. ಸುಮಾರು 142 ಕಿ.ಮೀ. ಉದ್ದದ ಈ ಮಾರ್ಗ 2010–11ರಲ್ಲಿ ಮಂಜೂರಾಯಿತು. ಬಾಗಲಕೋಟೆಯಿಂದ ಖಜ್ಜಿಡೋಣಿಯ ತನಕದ ಹಳಿ ಮೊದಲು ಮುಗಿದು, ಉಳಿದದ್ದು ಭೂಸ್ವಾಧೀನದ ಕೈಯಲ್ಲಿ ವರ್ಷಗಟ್ಟಲೆ ಕುಂಟಿತು. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಹಾದು ಧಾರವಾಡಕ್ಕೆ ರೈಲು ಬೇಕೆಂಬ ಹೋರಾಟವೂ ಹಳೆಯದು. ಅದು ಬಂದರೆ ಕೌಜಲಗಿಗೆ ದಕ್ಷಿಣದ ಬಾಗಿಲು ತೆರೆಯುತ್ತದೆ. ಅಲ್ಲಿಯ ತನಕ ಈ ಊರಿಗೆ ಸಾರಿಗೆ ಎಂದರೆ ಬಸ್ಸು.

ಆ ಬಸ್ಸಿನ ಚರಿತ್ರೆಯಲ್ಲಿ ಈ ಜಿಲ್ಲೆ ಹಲವು ಧಣಿಗಳನ್ನು ಕಂಡಿದೆ. ಮುಂಬಯಿ ರಾಜ್ಯದಲ್ಲಿದ್ದಾಗ, 1948ರಲ್ಲಿ ಓಟ ಶುರು ಮಾಡಿದ ಅಲ್ಲಿನ ಸರ್ಕಾರಿ ಬಸ್ಸು. 1956ರ ಏಕೀಕರಣದ ನಂತರ ಮೈಸೂರು ರಾಜ್ಯದ ಬಸ್ಸು, 1961ರಿಂದ ಸಾರಿಗೆ ನಿಗಮ. 1997ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾಯಿತು. ಗೋಕಾಕ ಡಿಪೊ ಅದರ ಚಿಕ್ಕೋಡಿ ವಿಭಾಗಕ್ಕೆ ಸೇರಿತು. ಧಣಿ ಬದಲಾದರೂ ಒಂದು ಬದಲಾಗಲಿಲ್ಲ. ಗಾಡಿಗಳು ಡಿಪೊದಿಂದ ಹೊರಟು ಡಿಪೊಕ್ಕೇ ಮರಳಬೇಕು. ಡೀಸೆಲು ಅಲ್ಲಿ, ಮೆಕ್ಯಾನಿಕ್ ಅಲ್ಲಿ, ದಿನದ ಕಲೆಕ್ಷನ್ ಕಟ್ಟುವುದು ಅಲ್ಲಿ. ಹೀಗಾಗಿ ಗೋಕಾಕದಿಂದ ಕೌಜಲಗಿಗೆ, ಗೋಕಾಕದಿಂದ ಯಾದವಾಡಕ್ಕೆ ಸೀದಾ ಗೆರೆಗಳು ಮೂಡಿದವು. ಕೌಜಲಗಿಯಿಂದ ಪಕ್ಕದ ಹಳ್ಳಿಗೆ ಅಡ್ಡ ಗೆರೆ ಮೂಡುವುದು ಕಷ್ಟವಾಯಿತು. ಹೋಬಳಿಯ ಸಣ್ಣ ಹಳ್ಳಿಯ ಮುದುಕನಿಗೆ ಪಿಂಚಣಿಯ ಕೆಲಸಕ್ಕೆ ಬೇಕಾದದ್ದು ಆ ಅಡ್ಡ ಗೆರೆಯೇ. ಅದನ್ನು ತುಂಬಿಕೊಟ್ಟದ್ದು ಟಂಟಂ ಮತ್ತು ಕ್ರೂಸರ್. ಅವು ತುಂಬುವ ತನಕ ಹೊರಡುವುದಿಲ್ಲ, ತುಂಬಿದ ಮೇಲೆ ಲೆಕ್ಕವಿಲ್ಲ. ಹಿಂದಿನ ಕಂಬಿ ಹಿಡಿದು ನಿಂತವರನ್ನು ನೋಡಿದರೆ ಎದೆ ನಡುಗುತ್ತದೆ. ಆದರೂ ಯಾವ ಊರಿಂದ ಯಾವ ಊರಿಗೆ, ಯಾವ ವಾರ, ಎಷ್ಟು ಹೊತ್ತಿಗೆ ಎಷ್ಟು ಜನ ಹೋಗುತ್ತಾರೆ ಎಂಬುದನ್ನು ಬಾಯಿಪಾಠವಾಗಿ ಬಲ್ಲವರು ಈ ಸೀಮೆಯಲ್ಲಿ ಯಾರಾದರೂ ಇದ್ದರೆ, ಅದು ಆ ಡ್ರೈವರುಗಳೇ.

ವಸ್ತಿ ಬಸ್ಸಿನ ಮಹತ್ವ ಪೇಟೆಯವರಿಗೆ ಸುಲಭವಾಗಿ ತಿಳಿಯುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಾತ್ರಿ ಕೊನೆಯದಾಗಿ ಊರಿಗೆ ಬಂದ ಬಸ್ಸು ಡಿಪೊಕ್ಕೆ ಮರಳದೆ ಅಲ್ಲೇ ನಿಲ್ಲುತ್ತದೆ. ಡ್ರೈವರು, ಕಂಡಕ್ಟರು ಬಸ್ಸಿನ ಸೀಟಿನ ಮೇಲೋ ಗುಡಿಯ ಕಟ್ಟೆಯ ಮೇಲೋ ಪಂಚಾಯ್ತಿ ಕೊಟ್ಟ ಕೋಣೆಯಲ್ಲೋ ಮಲಗುತ್ತಾರೆ. ನಸುಕಿನಲ್ಲಿ ಅದೇ ಗಾಡಿ ಮೊದಲ ಬಸ್ಸಾಗಿ ಹೊರಡುತ್ತದೆ. ಕಾಯಿಪಲ್ಲೆ ಒಯ್ಯುವವರು, ಕಾರ್ಖಾನೆಯ ಮೊದಲ ಪಾಳಿಯವರು, ಬೆಳಗಾವಿಯ ದವಾಖಾನೆಗೆ ಹೋಗುವವರು, ಘಟಪ್ರಭಾದಲ್ಲಿ ರೈಲು ಹಿಡಿಯಬೇಕಾದವರು ಅದನ್ನೇ ನಂಬಿರುತ್ತಾರೆ. ಸಿಬ್ಬಂದಿಗೆ ಮಲಗಲು ಜಾಗವಿಲ್ಲ, ಶೌಚಾಲಯವಿಲ್ಲ ಎಂದು ವಸ್ತಿ ನಿಂತರೆ ಕಾಗದದಲ್ಲಿ ಕಡಿಮೆಯಾಗುವುದು ಒಂದು ಷೆಡ್ಯೂಲು. ಊರು ಕಳೆದುಕೊಳ್ಳುವುದು ಹಿಂದಿನ ರಾತ್ರಿಯ ಕೊನೆಯ ಬಸ್ಸು, ಮರುದಿನದ ಮೊದಲ ಬಸ್ಸು ಎರಡನ್ನೂ. ಅಂದರೆ ದಿನದ ಎರಡೂ ತುದಿಗಳನ್ನು. ಕೊನೆಯ ಬಸ್ಸು ಸಂಜೆ ಆರಕ್ಕೆ ಬಂದು ನಿಂತುಬಿಟ್ಟರೆ ಗೋಕಾಕದ ಬಟ್ಟೆಯಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ನೌಕರಿ ಬಿಡಬೇಕಾಗುತ್ತದೆ. ಅವಳು ನೌಕರಿ ಬಿಟ್ಟದ್ದಕ್ಕೆ ಬಸ್ಸು ಕಾರಣ ಎಂದು ಯಾರೂ ಬರೆದಿಡುವುದಿಲ್ಲ. ಮದುವೆಯಾಯಿತು, ಮನೆಯಲ್ಲಿ ಬೇಡವೆಂದರು ಎಂದೇ ಎಲ್ಲರೂ ತಿಳಿಯುತ್ತಾರೆ. ಊರಿಗೆ ವಸ್ತಿ ಬಸ್ಸು ಉಳಿಸಿಕೊಳ್ಳಲು ಪಂಚಾಯ್ತಿ ಮಾಡಬೇಕಾದ ಖರ್ಚು ಒಂದು ಸ್ವಚ್ಛ ಕೋಣೆ, ಒಂದು ಬಚ್ಚಲು. ಇಷ್ಟು ಅಗ್ಗದ ಸಾರಿಗೆ ಯೋಜನೆ ಇನ್ನೊಂದಿಲ್ಲ.

ಬೆಳಗಿನ ಹೊತ್ತು ಬಸ್‌ ಸ್ಟ್ಯಾಂಡಿನಲ್ಲಿ ನಿಂತರೆ ತೊಂದರೆಯ ಬೇರು ಕಣ್ಣಿಗೇ ಬೀಳುತ್ತದೆ. ಗೋಕಾಕದ ಕಡೆಯಿಂದ ಗಾಡಿ ತಿರುಗಿ ಬರುವ ಮೊದಲೇ ನೂರಾರು ಮಕ್ಕಳು. ಗಾಡಿ ನಿಲ್ಲುವ ಮುಂಚೆಯೇ ಕಿಟಕಿಯಿಂದ ಒಳಗೆ ಬಿದ್ದ ಕರವಸ್ತ್ರ, ಪಾಟಿಚೀಲ, ದುಪಟ್ಟಾ. ಬಾಗಿಲ ಹತ್ತಿರ ಕಂಡಕ್ಟರ್, “ಒಳಗ ಸರೀರಿ, ಹಿಂದ ಜಾಗಾ ಐತಿ” ಎಂದು ಕೂಗುತ್ತಾರೆ. ಕೆಳಗೆ ಉಳಿದ ಅಜ್ಜಿ, “ಯಪ್ಪಾ, ಗೋಕಾವಿಗಿ ಮತ್ತೊಂದ ಗಾಡಿ ಎಷ್ಟಕ್ಕೈತೋ?” ಎಂದು ಕೇಳುತ್ತಾರೆ. “ಹತ್ತೂವರಿಗಿ ಬರ್ಬೌದಬೇ” ಎನ್ನುತ್ತಾನೆ ಪಕ್ಕದ ಹುಡುಗ. ಹತ್ತೂವರೆಗೆ ಬರುವ ಆ ಗಾಡಿಯಲ್ಲಿ ಅರ್ಧ ಸೀಟು ಖಾಲಿ ಇರುತ್ತವೆ. ಬಸ್ಸು ಸಾಲದೆ ಇರುವುದು ದಿನವಿಡೀ ಅಲ್ಲ, ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ಆ ನಾಲ್ಕು ತಾಸಿಗೆಂದು ಇನ್ನಷ್ಟು ಬಸ್ಸು ಕೊಂಡು, ಉಳಿದ ಹೊತ್ತು ನಿಲ್ಲಿಸಿಟ್ಟರೆ ಡಿಪೊಕ್ಕೆ ನಷ್ಟ. ಅದಕ್ಕೇ ‘ಹೆಚ್ಚುವರಿ ಬಸ್ ಬಿಡಿ’ ಎಂಬ ಮನವಿಗಳು ಮನವಿಗಳಾಗಿಯೇ ಉಳಿಯುತ್ತವೆ. ಇದಕ್ಕೆ ನನಗೆ ಕಾಣುವ ಮದ್ದು ಬೇರೆ. ಗೋಕಾಕದ ಪ್ರೌಢಶಾಲೆ, ಪಿಯು, ಪದವಿ ಕಾಲೇಜುಗಳು ಒಂದೇ ಹೊತ್ತಿಗೆ ಗಂಟೆ ಬಾರಿಸುವುದನ್ನು ಬಿಟ್ಟು, ಡಿಪೊದವರ ಜೊತೆ ಕೂತು ಮುಕ್ಕಾಲು ತಾಸಿನ ಅಂತರ ಇಟ್ಟುಕೊಳ್ಳಬೇಕು. ಆಗ ಅದೇ ಬಸ್ಸು ಎರಡು ಫೇರಿ ಹೊಡೆಯುತ್ತದೆ. ಹೊಸ ಗಾಡಿ ಬೇಡ, ಹೊಸ ಅನುದಾನ ಬೇಡ. ಶಿಕ್ಷಣ ಇಲಾಖೆಯ ಕುರ್ಚಿಯೂ ಸಾರಿಗೆ ಸಂಸ್ಥೆಯ ಕುರ್ಚಿಯೂ ಒಂದೇ ಮೇಜಿಗೆ ಬರಬೇಕಷ್ಟೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ಚಿತ್ರಕ್ಕೆ ಹೊಸ ಬಣ್ಣ ಬಂತು. ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಬಸ್ಸು ತುಂಬಿತು, ಗಂಡಸರಿಗೆ ಸೀಟಿಲ್ಲ ಎಂಬ ಮಾತುಗಳನ್ನೇ ನಾವು ಹೆಚ್ಚು ಕೇಳಿದೆವು. ತವರಿಗೆ ಹೋಗಲು, ಬೆನ್ನುನೋವು ತೋರಿಸಿಕೊಳ್ಳಲು, ಘಟಪ್ರಭಾದ ಆರೋಗ್ಯಧಾಮದಲ್ಲಿ ಮಲಗಿರುವ ಅಕ್ಕನನ್ನು ನೋಡಿ ಬರಲು ಗಂಡನ ಕೈಯಿಂದ ಇಪ್ಪತ್ತು ಮೂವತ್ತು ರೂಪಾಯಿ ಕೇಳಬೇಕಾಗಿದ್ದ ಹೆಂಗಸು, ಕೇಳದೆ ಹೋಗಿ ಬರುವಂತಾಯಿತು. ನನಗೆ ಇದು ಸಣ್ಣ ಮಾತಲ್ಲ. ಅಷ್ಟೇ ಮುಖ್ಯವಾದ, ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ಲಾಭವಿದೆ. ಆ ಶೂನ್ಯ ದರದ ಟಿಕೆಟ್ಟು ಕಂಡಕ್ಟರ ಯಂತ್ರದಿಂದ ಹೊರಬರುವಾಗ ಹತ್ತಿದ ಊರು, ಇಳಿಯುವ ಊರು, ದಿನ, ಹೊತ್ತು ಎಲ್ಲ ದಾಖಲಾಗುತ್ತದೆ. ಹಳ್ಳಿಯ ಹೆಣ್ಣುಮಕ್ಕಳು ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ ಎಂಬುದರ ಇಷ್ಟು ದೊಡ್ಡ ಲೆಕ್ಕ ಈ ನಾಡಿನಲ್ಲಿ ಹಿಂದೆಂದೂ ಇರಲಿಲ್ಲ. ಸರ್ಕಾರದಿಂದ ಹಣ ಮರಳಿ ಪಡೆಯಲೆಂದು ಇಟ್ಟ ಲೆಕ್ಕ ಅದು. ಅದನ್ನೇ ಹೋಬಳಿವಾರು ಬಿಡಿಸಿ ನೋಡಿದರೆ ಕೌಜಲಗಿಯ ಹಗಲಿನ ಜನಸಂಖ್ಯೆಯ ಅರ್ಧ ಚಿತ್ರ ಕೈಗೆ ಸಿಗುತ್ತದೆ. ಗಂಡುಮಕ್ಕಳ ವಿದ್ಯಾರ್ಥಿ ಪಾಸಿನ ಅರ್ಜಿಗಳಲ್ಲೂ ಮನೆಯ ಊರು, ಶಾಲೆಯ ಊರು ಎರಡೂ ಇರುತ್ತವೆ. ಸಾರಿಗೆ ಸಂಸ್ಥೆಗಳು ಈ ಅಂಕಿಗಳನ್ನು, ಹೆಸರುಗಳನ್ನು ತೆಗೆದು, ಪಂಚಾಯ್ತಿಗಳ ಕೈಗೆ ಕೊಡಬೇಕು.

ದಾರಿಯ ದಿಕ್ಕನ್ನು ಆಡಳಿತದ ಗಡಿ ಹೇಗೆ ಎಳೆಯುತ್ತದೆ ಎಂಬುದಕ್ಕೆ ಮೂಡಲಗಿಯೇ ಸಾಕ್ಷಿ. 2017ರಲ್ಲಿ ಸರ್ಕಾರ ಹೊಸ ತಾಲ್ಲೂಕುಗಳ ಪಟ್ಟಿ ಹೊರಡಿಸಿದಾಗ ಮೂಡಲಗಿಯ ಹೆಸರು ಬಿಟ್ಟುಹೋಗಿ, ಜನ ಬೀದಿಗಿಳಿದ ಮೇಲೆ ಸೇರಿಸಲಾಯಿತು. ಯಾದವಾಡ, ಕುಲಗೋಡದಂಥ ಊರುಗಳು ಮೂಡಲಗಿಗೆ ಸೇರಿದವು. ಗೋಕಾಕವನ್ನೇ ಜಿಲ್ಲೆ ಮಾಡುವ ಮಾತು 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರದ ಕಾಲದಲ್ಲಿ ಘೋಷಣೆಯ ತನಕ ಹೋಗಿ ಹಿಂದೆ ಬಂದದ್ದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಕೌಜಲಗಿಯನ್ನೂ ತಾಲ್ಲೂಕು ಮಾಡಬೇಕೆಂಬ ಬೇಡಿಕೆ ಇದೆ. ಅದರ ಹಿಂದೆ ಇರುವುದು ಹೆಚ್ಚಾಗಿ ದೂರದ ದಣಿವು. ಘಟಪ್ರಭೆ ಈ ಸೀಮೆಯನ್ನು ಸೀಳಿಕೊಂಡು ಹೋಗುತ್ತಾಳೆ. ಮೂಡಲಗಿ ಉತ್ತರ ದಡದ ಕಡೆ, ಕೌಜಲಗಿ ದಕ್ಷಿಣದ ಕಡೆ. 2019ರ ಆಗಸ್ಟಿನ ಮಹಾಪೂರದಲ್ಲಿ, ಮತ್ತೆ 2024ರ ಜುಲೈನಲ್ಲಿ, ಗೋಕಾಕದ ಪಕ್ಕದ ಲೋಳಸೂರ ಸೇತುವೆ ಮುಳುಗಿ ಸಂಕೇಶ್ವರ–ಯರಗಟ್ಟಿ ರಸ್ತೆ ನಿಂತಾಗ, ದಕ್ಷಿಣ ದಡದ ಜನಕ್ಕೆ ಘಟಪ್ರಭಾದ ರೈಲೂ ಆಸ್ಪತ್ರೆಯೂ ದೂರವಾದವು. ಸೇತುವೆ ಎತ್ತರಿಸದೆ ತಾಲ್ಲೂಕು ಒಡೆಯುವುದು ಅರ್ಧ ಕೆಲಸ.

ಕಬ್ಬಿನ ಹಂಗಾಮು ಬಂದರೆ ರಸ್ತೆಯೇ ಇನ್ನೊಂದಾಗುತ್ತದೆ. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು, ಯಾದವಾಡದ ಕಡೆ ಸಿಮೆಂಟಿನ ಲಾರಿಗಳು. ಹಿಂದೆ ದೀಪವೂ ಇಲ್ಲದ, ಹೊಳೆಯುವ ಪಟ್ಟಿಯೂ ಇಲ್ಲದ ಟ್ರೇಲರಿಗೆ ರಾತ್ರಿ ಬೈಕು ಗುದ್ದಿದ ಸುದ್ದಿ ಪ್ರತಿ ಹಂಗಾಮಿನಲ್ಲೂ ಬರುತ್ತದೆ. ಹೊಲಗಳಲ್ಲಿ ಕಡಿಯುವ ಗ್ಯಾಂಗುಗಳ ಗುಡಿಸಲು ಏಳುತ್ತವೆ. ವಿಜಯಪುರದ ಕಡೆಯವರು, ಮಹಾರಾಷ್ಟ್ರದ ಬೀಡದವರು. ಅದೇ ಹೊತ್ತಿಗೆ ಮಳೆ ನಂಬಿದ ಹೊಲಗಳ ಇಲ್ಲಿನ ಕುಟುಂಬಗಳು ಗೋವೆಗೋ ಪುಣೆಗೋ ದುಡಿಯಲು ಹೋಗಿರುತ್ತವೆ. ಮುಂದಿನ ಜನಗಣತಿಯ ಎಣಿಕೆ ನಡೆಯುವುದು 2027ರ ಫೆಬ್ರುವರಿಯಲ್ಲಿ, ಹಂಗಾಮು ಮುಗಿಯುತ್ತ ಬಂದ ಕಾಲದಲ್ಲಿ. ಆ ವರ್ಷ ಕಾರ್ಖಾನೆ ಹದಿನೈದು ದಿನ ಮೊದಲು ನಿಂತಿತೋ ನಂತರ ನಿಂತಿತೋ ಎಂಬುದರ ಮೇಲೆ ಗ್ಯಾಂಗಿನವರು ಯಾವ ಊರಿನ ಲೆಕ್ಕಕ್ಕೆ ಸೇರುತ್ತಾರೆ ಎಂಬುದು ನಿಂತಿದೆ. ಪಂಚಾಯ್ತಿಗೆ ಇದು ಬರಿಯ ಸಂಖ್ಯೆಯ ಮಾತಲ್ಲ. ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿ 400 ಜನಕ್ಕೊಬ್ಬ ಸದಸ್ಯ. ಹಣಕಾಸು ಆಯೋಗದ ಅನುದಾನದಲ್ಲೂ ಜನಸಂಖ್ಯೆಯ ತೂಕವೇ ದೊಡ್ಡದು.

ಹಾಗಾಗಿ ಎಣಿಕೆದಾರರು ಬರುವ ಮೊದಲು ಕೌಜಲಗಿಯಂಥ ಪಂಚಾಯ್ತಿಗಳು ಮಾಡಬಹುದಾದ ಕೆಲಸವೊಂದಿದೆ. ಯಾವ ತೋಟಪಟ್ಟಿಯಲ್ಲಿ ಎಷ್ಟು ಮನೆ, ಅಲ್ಲಿಂದ ಡಾಂಬರಿಗೆ ಎಷ್ಟು ದೂರ, ನಡುವೆ ಹಳ್ಳ ಇದೆಯೇ, ಮಳೆಗಾಲದಲ್ಲಿ ಎಷ್ಟು ದಿನ ದಾರಿ ಬಂದ್ ಆಗುತ್ತದೆ ಎಂದು ವಾರ್ಡ್ ಸಭೆಯಲ್ಲಿ ಕೂತು ಬರೆದಿಡುವುದು. ದೊಡ್ಡ ಸಮೀಕ್ಷೆ ಬೇಕಿಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗೂ ಆಶಾ ಅಕ್ಕಂದಿರಿಗೂ ಇದು ಮನೆಮನೆಯಾಗಿ ಗೊತ್ತು. ಅಕ್ಕಪಕ್ಕದ ನಾಲ್ಕು ಪಟ್ಟಿಗಳನ್ನು ಒಂದೇ ದಾರಿಗೆ ಕೂಡಿಸಿ ಕೇಳಿದರೆ 500ರ ಮಿತಿ ದಾಟುವ ಕಡೆಗಳೂ ಸಿಗಬಹುದು. ಏಕೆಂದರೆ ಅರ್ಧ ಕಿಲೊಮೀಟರಿನ ಒಳಗಿರುವ ವಸತಿಗಳನ್ನು ಒಟ್ಟಿಗೆ ಎಣಿಸಲು ಸಡಕ್ ಯೋಜನೆಯ ನಿಯಮದಲ್ಲೇ ಅವಕಾಶವಿದೆ.

ಇನ್ನು ಬಸ್ಸಿನ ವೇಳಾಪಟ್ಟಿ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಶೌಚಾಲಯ, ಆಟದ ಮೈದಾನದ ಜೊತೆಗೆ ಮಕ್ಕಳು ತಪ್ಪದೆ ಎತ್ತುವ ವಿಷಯ ಬಸ್ಸು. ಆ ದಿನ ಡಿಪೊ ಮ್ಯಾನೇಜರನ್ನು ಸಭೆಗೆ ಕರೆಯಬೇಕು. ಹಾರ ಹಾಕಿ ಕೂರಿಸುವುದಕ್ಕಲ್ಲ, ಮಕ್ಕಳ ಎದುರು ಪೆನ್ನು ಹಿಡಿದು ಕೂರುವುದಕ್ಕೆ. ಯಾವ ತೋಟದಿಂದ ಎಷ್ಟು ಹೊತ್ತಿಗೆ ಹೊರಡುತ್ತೀ, ಯಾವ ಬಸ್ಸು ತಪ್ಪುತ್ತದೆ, ಸಂಜೆ ಎಷ್ಟು ಹೊತ್ತು ಕಾಯುತ್ತೀ ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡರೆ, ಮಧ್ಯಾಹ್ನದ ಊಟದ ಹೊತ್ತಿಗೆ ಕೌಜಲಗಿ ಹೋಬಳಿಯ ಮುಂದಿನ ವರ್ಷದ ವೇಳಾಪಟ್ಟಿಯ ಕರಡು ಸಿದ್ಧವಾಗಿರುತ್ತದೆ.